ಅಮರೇಶಪ್ಪನವರ ಹೆಸರಿನ ಕೊಡಗಳು

“ಕೂಕಟ್‌ಪಲ್ಲಿಯಿಂದ ಸಿಕಂದರಾಬಾದಿನ ತನಕ ಕನ್ನಡ ಮಾತಾಡೋ ಯಾವ ಮನಿಗೆ ಬೇಕಾದ್ರೂ ಹೋಗ್ರಿ, ಅಡಗಿಮನಿ ಹೊಕ್ಕು ನೋಡ್ರಿ. ಅಲ್ಲಿ ನನ್ನ ಹೆಸರು ಕಾಣಲಿಲ್ಲಂದ್ರ ಈ ಮೀಸಿ ಕಿತ್ತು ನಿಮ್ಮ ಕೈಯಾಗ ಕೊಡತೀನಿ.”

ಲಿಂಗಸುಗೂರಿನ ಅಮರೇಶಪ್ಪನವರು ಈ ಮಾತನ್ನು ವಾರಕ್ಕೊಮ್ಮೆಯಾದರೂ ಹೇಳದಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ. ಮೆಟ್ರೊದಲ್ಲಿ ಹೇಳಿದರೆ ಮುಂದಿನ ಬೋಗಿಯವರು ಹಿಂದಿರುಗಿ ನೋಡಬೇಕು, ಮದುವೆಮನೆಯಲ್ಲಿ ಹೇಳಿದರೆ ಸ್ವಾಮಿಗಳು ಮಂತ್ರ ನುಂಗಿಕೊಂಡು ಕೇಳಬೇಕು, ಅಂಥ ಗಂಟಲು. ಮೀಸೆಯೂ ಗಂಟಲಿಗೆ ತಕ್ಕದ್ದೇ. ಅದರ ಎರಡು ತುದಿಗೂ ಒಂದೊಂದು ಪಾರಿವಾಳ ಕೂತರೂ ಬಾಗುವುದಿಲ್ಲವೆಂದು ಅವರು ಹೇಳುತ್ತಿದ್ದರು. ಕೂತ ಪಾರಿವಾಳವನ್ನು ಕಂಡವರು ಮಾತ್ರ ಯಾರೂ ಇರಲಿಲ್ಲ.

ಹೆಸರಿನ ಮಾತು ಪೂರಾ ಗಾಳಿಯದಲ್ಲ. ಹೈದರಾಬಾದಿನ ಕನ್ನಡದವರಲ್ಲಿ ಯಾರ ಮದುವೆಯಾಗಲಿ, ಯಾರ ಗೃಹಪ್ರವೇಶವಾಗಲಿ, ಕರೆದಿರಲಿ ಬಿಡಲಿ, ಅಮರೇಶಪ್ಪನವರು ಒಂದು ಸ್ಟೀಲಿನ ಕೊಡವನ್ನು ಬಗಲಲ್ಲಿಟ್ಟುಕೊಂಡು ಹಾಜರಾಗುತ್ತಿದ್ದರು. ಕೊಡದ ಹೊಟ್ಟೆಯ ಮೇಲೆ ಅವರ ಹೆಸರು ಕೊರೆದಿರುತ್ತಿತ್ತು. ಮೊದಮೊದಲು ಅಕ್ಷರ ಅಕ್ಕಿಕಾಳಿನಷ್ಟಿತ್ತು. ಬರಬರುತ್ತ ಕಡಲೆಕಾಳಾಯಿತು, ನೆಲ್ಲಿಕಾಯಿಯಾಯಿತು, ಕಡೆಕಡೆಗೆ ಬದನೆಕಾಯಿಯ ಗಾತ್ರಕ್ಕೆ ಬಂತು. “ಅಮರೇಶಪ್ಪ, ಸ್ವಂತ ಊರು ಲಿಂಗಸುಗೂರು, ಹಾಲಿ ವಸ್ತಿ ಕೂಕಟ್‌ಪಲ್ಲಿ, ಇವರ ಪ್ರೀತಿಯ ಕಾಣಿಕೆ” ಎಂದು ಕೊಡದ ಸುತ್ತ ಒಂದು ಪ್ರದಕ್ಷಿಣೆ ಬಂದ ಮೇಲೆ, ಮದುವೆಯಾದ ಗಂಡುಹೆಣ್ಣಿನ ಹೆಸರಿಗೆ ಕಂಠದ ಕೆಳಗೆ ಒಂದಿಷ್ಟು ಸಂದಿ ಸಿಕ್ಕರೆ ಸಿಕ್ಕಿತು. ಉಳಿದವರ ಉಡುಗೊರೆಗಳನ್ನು ಜನ ಇನ್ನೊಂದು ಮದುವೆಗೆ ದಾಟಿಸುತ್ತಾರೆ. ಅಮರೇಶಪ್ಪನವರ ಕೊಡವನ್ನು ದಾಟಿಸುವ ಎದೆ ಯಾರಿಗೂ ಇರಲಿಲ್ಲ. ಆ ಹೆಸರನ್ನು ಅಳಿಸಹೊರಟರೆ ಕೊಡವೇ ತೂತಾಗುವಂತಿತ್ತು.

ಈ ಹುಚ್ಚಿಗೆ ಒಂದು ಕಾರಣವಿತ್ತು. ಹರೆಯದಲ್ಲಿ ಉಳ್ಳಾಗಡ್ಡಿ ಚೀಲದ ಮೇಲೆ ಕೂತು ಲಾರಿಯಲ್ಲಿ ಈ ಊರಿಗೆ ಬಂದ ಅಮರೇಶಪ್ಪನವರಿಗೆ ಸಿಕಂದರಾಬಾದ್ ಸ್ಟೇಷನ್ನಿನ ಹಿಂದಿನ ಒಂದು ಲಾರಿ ಆಫೀಸಿನಲ್ಲಿ ಕೆಲಸ ಸಿಕ್ಕಿತು. ಕರಿ ಬಣ್ಣದ ಡಬ್ಬಿ, ಒಂದು ಬ್ರಷ್ಷು. ಬಂದ ಚೀಲ, ಪೆಟ್ಟಿಗೆ, ಗಂಟು ಎಲ್ಲದರ ಮೇಲೆ ಅದು ತಲುಪಬೇಕಾದವರ ಹೆಸರು ಬರೆಯುವುದು. ಅವರು ಬರೆದ ಹೆಸರುಗಳು ನಾಗಪುರಕ್ಕೆ ಹೋದವು, ಮದ್ರಾಸಿಗೆ ಹೋದವು, ಹೊಳೆ ದಾಟಿದವು, ಘಾಟು ಇಳಿದವು. ಅಮರೇಶಪ್ಪ ಎನ್ನುವ ಹೆಸರೊಂದು ಎಲ್ಲಿಗೂ ಹೋಗಲಿಲ್ಲ. ಆಫೀಸಿನ ಮಾಲೀಕ ಅವರನ್ನು ಕೊನೆಯ ದಿನದವರೆಗೂ “ಏ ಬ್ರಷ್” ಎಂದೇ ಕರೆದ. ನಿವೃತ್ತಿಯ ದಿನ ಹಾಕಿದ ಹಾರಕ್ಕೆ ಕಟ್ಟಿದ್ದ ಚೀಟಿಯಲ್ಲೂ ಬೇರೆ ಯಾರದೋ ಹೆಸರಿತ್ತು. ಅದನ್ನು ಬರೆದವರು ಸ್ವತಃ ಅಮರೇಶಪ್ಪನವರೇ, ಬೆಳಗ್ಗೆ, ಬೇರೆ ಯಾವುದೋ ಸಮಾರಂಭಕ್ಕೆಂದು.

ಹೆಂಡತಿ ಶಿವದೇವಿಗೆ ಕೊಡಗಳ ಸುದ್ದಿ ಎತ್ತಿದರೆ ಸಾಕಿತ್ತು. “ಹೆಸರು ಹೇಳಾಕ ಹೊಟ್ಟೀಲೆ ಒಂದ ಕೂಸು ಹುಟ್ಟಲಿಲ್ಲ. ಅದಕ್ಕ ನಮ್ಮವರು ವರ್ಷಾ ವರ್ಷಾ ಕೊಡಾ ಹಡ್ಯಾಕತ್ತಾರ,” ಎಂದು ನೆರೆಯವರ ಮುಂದೆ ಹೇಳಿ, ತಾನೇ ಮೊದಲು ನಗುತ್ತಿದ್ದಳು. ಆ ನಗುವಿನಲ್ಲಿ ಪಾಲುದಾರರಾಗಲು ನೆರೆಯವರಿಗೆ ಧೈರ್ಯ ಬರುತ್ತಿರಲಿಲ್ಲ.

ನಿವೃತ್ತರಾದ ಮೇಲೆ ಅಮರೇಶಪ್ಪನವರು ಇನ್ನೊಂದು ಕಸುಬು ಹಚ್ಚಿಕೊಂಡರು. ಬೆಂಗಳೂರು, ಮೈಸೂರು, ಮಂಗಳೂರಿನಿಂದ ಕಂಪನಿ ಕೆಲಸಕ್ಕೆಂದು ಬಂದ ಹೊಸಬರನ್ನು ರಜೆಯ ದಿನ ಊರೊಳಗೆ ತಿರುಗಾಡಿಸುವುದು. ಪುಕ್ಕಟೆ. ಒಂದೇ ಕರಾರು, ಚಾರ್‌ಮಿನಾರ್ ತೋರಿಸುವುದಿಲ್ಲ. “ಅದನ್ನ ತೋರಸಾಕ ಅಮರೇಶಪ್ಪ ಯಾಕ ಬೇಕ್ರಿ? ಅದು ತಾನ ನಾಕ ಕೈ ಎತ್ತಿ ಎಲ್ಲಾರನೂ ಕರೀತೈತಿ.” ಅವರು ತೋರಿಸುತ್ತಿದ್ದದ್ದು ಲಾರಿಗಳ ಗೋದಾಮು, ಹಳೆಯ ಸೀಸೆಗಳ ಓಣಿ, ಮೂಸಿ ದಂಡೆಯ ಧೋಬಿಗಳ ಹಗ್ಗ, ಗಾಳಿಪಟದ ಕಡ್ಡಿ ಸೀಳುವ ಮನೆಗಳು. ನೋಡಿದವರು ಕಂಡದ್ದಕ್ಕಿಂತ ಕೇಳಿದ್ದೇ ಹೆಚ್ಚು. ನವಾಬರ ಆನೆಗೆ ಬಿಕ್ಕಳಿಕೆ ಹತ್ತಿದಾಗ ಲಿಂಗಸುಗೂರಿನಿಂದ ಅವರ ಮುತ್ಯಾನನ್ನು ಪಲ್ಲಕ್ಕಿಯಲ್ಲಿ ಕರೆಸಿದ್ದು, ಮುತ್ಯಾ ಆನೆಯ ಕಿವಿಯಲ್ಲಿ ಒಂದೇ ಒಂದು ಮಾತು ಹೇಳಿದ್ದಕ್ಕೆ ಬಿಕ್ಕಳಿಕೆ ನಿಂತು, ಆನೆ ನಾಚಿ ಮೂರು ದಿನ ಮೇವು ಮುಟ್ಟದೇ ಇದ್ದದ್ದು, ಇತ್ಯಾದಿ.

ಕೂಕಟ್‌ಪಲ್ಲಿಯಲ್ಲಿ ಹಾರ್ಡ್‌ವೇರ್ ಅಂಗಡಿಯ ಮೇಲಿನ ಒಂದು ಉದ್ದನೆಯ ಕೋಣೆಯೇ ಕನ್ನಡ ಸಂಘ. ಪ್ರತಿ ನವೆಂಬರಿನಲ್ಲಿ ಅಲ್ಲಿ ಒಬ್ಬ ಹಿರಿಯರಿಗೆ ಶಾಲು ಹೊದಿಸಿ, ಪೇಟ ಇಟ್ಟು, ಅವರ ಫೋಟೋವನ್ನು ಗೋಡೆಗೆ ತೂಗುಹಾಕುತ್ತಿದ್ದರು. ಫೋಟೋದ ಕೆಳಗೆ ಪೇಂಟರು ಬಂದು ಗೋಡೆಯ ಮೇಲೇ ಹೆಸರು ಬರೆಯುತ್ತಿದ್ದ. ಅಮರೇಶಪ್ಪನವರು ವರ್ಷಾವರ್ಷ ಆ ಸಮಾರಂಭಕ್ಕೆ ಕುರ್ಚಿ ಹೊತ್ತರು, ಮಾವಿನ ತೋರಣ ಕಟ್ಟಿದರು, ಪೇಂಟರು ಬರೆಯುವಾಗ ಏಣಿ ಹಿಡಿದು ನಿಂತರು. ಶಾಲಿನ ಆಸೆ ಅವರಿಗಿರಲಿಲ್ಲ, ಮನೆಯಲ್ಲಿ ಎರಡಿದ್ದವು. ಅವರಿಗೆ ಬೇಕಾಗಿದ್ದದ್ದು ಗೋಡೆಯ ಆ ಒಂದು ಸಾಲು. ಇನ್ನೊಬ್ಬನ ಕೈ, ತಾನು ಹೇಳದೆ, ತಾನು ದುಡ್ಡು ಕೊಡದೆ ಬರೆದ ತನ್ನ ಹೆಸರು. ಅದೊಂದು ಆಯಿತೆಂದರೆ ಸಾಯಲಿಕ್ಕೂ ತಕರಾರಿಲ್ಲ ಎಂದು ಹೆಂಡತಿಗೆ ಹೇಳಿದ್ದರು.

“ಸತ್ತ ಮ್ಯಾಲ ಹೆಂಗೂ ಫೋಟೋ ಹಾಕತಾರ,” ಎಂದಿದ್ದಳು ಶಿವದೇವಿ. “ಅವಸರ ಯಾಕ?”

ಆ ವರ್ಷ ಸಂಘಕ್ಕೆ ಹೊಸ ಅಧ್ಯಕ್ಷ ಬಂದಿದ್ದ. ಮೈಸೂರಿನ ಪದ್ಮನಾಭ. ಯಾವುದೋ ಕಂಪನಿಯಲ್ಲಿ ದೊಡ್ಡ ಮ್ಯಾನೇಜರು. ಮಿಯಾಪುರದಲ್ಲಿ ಅವನು ಕೊಂಡ ಫ್ಲ್ಯಾಟು ಎಷ್ಟು ಎತ್ತರದಲ್ಲಿತ್ತೆಂದರೆ ಅವನ ಬಾಲ್ಕನಿಯಿಂದ ಹದ್ದುಗಳ ಬೆನ್ನು ಕಾಣುತ್ತಿತ್ತು. ಅವನು ಅಮರೇಶಪ್ಪನವರನ್ನು ಕರೆದು, ನೌಕರಿಗೆ ಬಂದ ಹುಡುಗನ ಮುಂದೆ ಹೇಳುವಂತೆ ಹೇಳಿದ: “ನಿಮ್ಮ ಹೆಸರೂ ಬಂದಿದೆ ಅಂಕಲ್. ಆದರೆ ವಯಸ್ಸಾಗಿದೆ ಅಂತ ಸುಮ್ಮನೆ ಗೌರವ ಕೊಡೋ ಪದ್ಧತೀನ ನಾನು ನಿಲ್ಲಿಸಿದ್ದೀನಿ. ನೀವು ಊರು ತೋರಿಸೋ ವಾಕ್ ಬಗ್ಗೆ ಎಲ್ಲರೂ ಹೇಳ್ತಾರೆ. ನಾವೇ ಬಂದು ನೋಡ್ತೀವಿ. ಚೆನ್ನಾಗಿದ್ರೆ ಫೋಟೋ ಗೋಡೆಗೆ, ಇಲ್ಲದಿದ್ರೆ ಮುಂದೆ ನೋಡೋಣ.”

ಅಮರೇಶಪ್ಪನವರು ಅಂದೇ ಮೀಸೆಗೆ ಬಣ್ಣ ಹಚ್ಚಿದರು.

ಒಂದು ಗುರುವಾರ ಎಲ್ಲರಿಗೂ ರಜೆ ಬಂತು. ಮಿಯಾಪುರದಿಂದ ಬಂದ ಮೆಟ್ರೊದಲ್ಲಿ ಪದ್ಮನಾಭ, ಅವನ ಹೆಂಡತಿ ಕೋಕಿಲಾ, ಸಂಘದ ವಾಟ್ಸ್‌ಆ್ಯಪ್ ಗುಂಪು ನೋಡಿಕೊಳ್ಳುವ ಉಡುಪಿಯ ಕಡೆಯ ತರುಣ ಗಗನ, ಈ ಮೂವರು ಕೂತಿದ್ದರು. ಕೂಕಟ್‌ಪಲ್ಲಿಯಲ್ಲಿ ಅಮರೇಶಪ್ಪನವರು ಹತ್ತಿದರು. ಗಗನ ಕೂಡಲೇ ಫೋನೆತ್ತಿ ವಿಡಿಯೋ ಶುರುಮಾಡಿದ.

“ಈ ಮೆಟ್ರೊದ ಕಂಬ ನೋಡ್ರಿ,” ಎಂದರು ಅಮರೇಶಪ್ಪನವರು. “ಇಂಜಿನಿಯರು ನಕಾಶಿ ಹಿಡ್ಕೊಂಡು ಬಿಸಲಾಗ ನಿಂತಿದ್ರು, ಪಾಪ, ಏನೂ ತಿಳೀವಲ್ದು. ನಾ ಕಾಲಿನ ಹೆಬ್ಬಟ್ಟಿಲೆ ನೆಲಕ್ಕ ಗೆರಿ ಹೊಡದು ಇಲ್ಲೊಂದು, ಇಲ್ಲೊಂದು ಅಂದೆ. ಇವತ್ತಿಗೂ ಒಂದ ಕಂಬ ಅಲಗಾಡಿಲ್ಲ.”

ಮೂವರೂ ನಕ್ಕರು. ಅಮರೇಶಪ್ಪನವರ ಎದೆ ಒಂದು ಗೇಣು ಉಬ್ಬಿತು. ನಕ್ಕವರೆಲ್ಲ ಮೆಚ್ಚಿದವರು ಎಂಬುದು ಅವರ ಜೀವಮಾನದ ಲೆಕ್ಕಾಚಾರ.

“ಅಂಕಲ್, ಇದು ಕನ್ನಡಾನೇ ಅಲ್ವಾ?” ಎಂದ ಪದ್ಮನಾಭ, ಫೋನಿನ ಕಡೆ ತಿರುಗಿ ಕಣ್ಣು ಮಿಟುಕಿಸಿ. “ಗಗನ, ಕೆಳಗಡೆ ಅನುವಾದ ಹಾಕಪ್ಪ. ನಮ್ಮ ಮೈಸೂರಿನವರಿಗೆ ಅರ್ಥ ಆಗಬೇಕು.”

“ಐತಿ, ಅದಾವ, ಹೊಂಟೀವಿ,” ಎಂದು ಗಗನ ಹಿಂದಿನಿಂದ ಅಣಕಿಸಿದ. “ಎಂತ ಭಾಷೆ ಮಾರಾಯ್ರೆ, ಜಗಳ ಮಾಡಿದ ಹಾಗೆ ಕೇಳ್ತದೆ.”

“ಹೌದ್ರಿ, ನಮ್ಮ ಕಡೆ ಪ್ರೀತಿ ಮಾಡೂದೂ ಜಗಳದಾಗ,” ಎಂದು ಅಮರೇಶಪ್ಪನವರೂ ನಕ್ಕರು. ಗೋಡೆ ಕಣ್ಣ ಮುಂದಿರುವಾಗ ಮನುಷ್ಯ ಎಂಥ ಮಾತಿಗಾದರೂ ನಗುತ್ತಾನೆ.

ಗಾಂಧಿ ಭವನದಲ್ಲಿ ಇಳಿದು ಬೇಗಂ ಬಜಾರಿನ ಪಾತ್ರೆ ಅಂಗಡಿಗಳ ಓಣಿಗೆ ಹೊಕ್ಕರು. ಕೊಡಗಳು, ಹಂಡೆಗಳು, ತಟ್ಟೆಗಳು ಸೂರಿನ ತನಕ ಪೇರಿಸಿದ ಆ ಓಣಿಯಲ್ಲಿ ಬಿಸಿಲು ಒಳಗೆ ಬಂದರೆ ದಾರಿ ಕಾಣದೆ ಹೊರಗೆ ಹೋಗಲಾರದು. ಒಂದು ಮೂಲೆಯಲ್ಲಿ, ಕರೆಂಟಿನ ಸೂಜಿ ಹಿಡಿದು ಪಾತ್ರೆಗಳ ಮೇಲೆ ಹೆಸರು ಕೊರೆಯುವ ಮುದುಕನೊಬ್ಬ ಅಮರೇಶಪ್ಪನವರನ್ನು ಕಂಡು ಕೈಯೆತ್ತಿದ.

“ಇವಗ ಕನ್ನಡ ಅಕ್ಷರ ಕಲಿಸಿದಾಂವ ನಾನ,” ಎಂದರು ಅಮರೇಶಪ್ಪನವರು.

ಮುದುಕ ಒಪ್ಪಿ ತಲೆಯಾಡಿಸಿದ. ತೆಲುಗು ಕೊರೆಸುವವರು ಬರುತ್ತಾರೆ, ಮಾರವಾಡಿಗಳು ಬರುತ್ತಾರೆ, ಕನ್ನಡ ಕೊರೆಸಲಿಕ್ಕೆ ಈ ಪಟ್ಟಣದಲ್ಲೆಲ್ಲ ಬರುವವರು ಇವರೊಬ್ಬರೇ ಎಂದು ತನ್ನ ತೆಲುಗಿನಲ್ಲಿ ಹೇಳಿದ. ಅಮರೇಶಪ್ಪನವರು ಅದನ್ನು ಬಿರುದಿನಂತೆ ಸ್ವೀಕರಿಸಿ, ಕನ್ನಡಕ್ಕೆ ತಿರುಗಿಸಿ, ಎರಡು ಸಲ ಹೇಳಿದರು.

ಪದ್ಮನಾಭ ಗಡಿಯಾರ ನೋಡಿಕೊಂಡ. “ಇದೆಲ್ಲ ಯೂಟ್ಯೂಬಲ್ಲಿ ಸಿಗುತ್ತೆ ಅಂಕಲ್. ಗೈಡುಗಳು ಯಾರೂ ತೋರಿಸದೇ ಇರೋದು ಏನಾದ್ರೂ ಇದೆಯಾ? ಇಲ್ಲಾಂದ್ರೆ ಇಲ್ಲಿಗೇ ಮುಗಿಸೋಣ. ಮಾರ್ಕ್ಸು ಎಷ್ಟು ಬಂತು ಅಂತ ನಾನೇ ಫೋನ್ ಮಾಡಿ ಹೇಳ್ತೀನಿ.”

ಗೋಡೆಯ ಮೇಲಿನ ಸಾಲು ಅರ್ಧಕ್ಕೆ ಅಳಿಸಿದಂತಾಯಿತು. ಅಮರೇಶಪ್ಪನವರು ಅವಸರದಿಂದ, “ನಡೀರಿ, ಜುಮೇರಾತ್ ಬಜಾರಕ್ಕ ಹೋಗೂಣು. ಮುಂದಿನ ಸಾಲು ಎಲ್ಲಾರೂ ನೋಡತಾರ. ನಾ ನಿಮಗ ಹಿಂದಿನ ತುದಿ ತೋರಸ್ತೀನಿ,” ಎಂದರು.

ಗುರುವಾರ ಕೂಡುವ ಆ ಹಳೆ ಸಾಮಾನಿನ ಬಜಾರದಲ್ಲಿ ಸಿಗದ ವಸ್ತುವಿಲ್ಲ. ಒಂದು ಕಾಲಿನ ಬೂಟು, ಮುಳ್ಳಿಲ್ಲದ ಗಡಿಯಾರ, ಯಾರದೋ ಅಜ್ಜನ ಹಲ್ಲಿನ ಕಟ್ಟು, ಎದ್ದು ಹೋದವರ ಗಾಲಿಕುರ್ಚಿ, ಏಳದೇ ಹೋದವರ ಮಂಚ. ಒಂದು ಮನೆ ಮುರಿದರೆ ಅದರ ಧೂಳು ಅಡಗುವ ಮೊದಲೇ ಸಾಮಾನು ಇಲ್ಲಿ ಹರಡಿರುತ್ತದೆ. ಬಜಾರದ ಹಿಂದಿನ ತುದಿಯಲ್ಲಿ, ಹರಿದ ತಾಡಪತ್ರಿಯ ಚಪ್ಪರದ ಕೆಳಗೆ, ಹಳೆಯ ಪಾತ್ರೆ ಮಾರುವ ಜಯಮ್ಮ ಕೂರುತ್ತಿದ್ದಳು. ನಾರಾಯಣಪೇಟೆ ಕಡೆಯವಳು, ತೆಲುಗಿನ ಜೊತೆಗೆ ಗಡಿಯ ಕನ್ನಡವನ್ನೂ ಆಡುವವಳು. ಅಮರೇಶಪ್ಪನವರಿಗೆ ಅವಳು ಹಳೆಯ ಗುರುತು. ಈ ಕಡೆ ಬಂದಾಗಲೆಲ್ಲ ಅವಳ ಅಂಗಡಿಯಲ್ಲಿ ಗೋಣಿಚೀಲ ಹೊದಿಸಿದ ಒಂದು ಗುಡ್ಡೆಯ ಮೇಲೆ ಕೂತು ಚಹಾ ಕುಡಿದು, ಆನೆಯ ಬಿಕ್ಕಳಿಕೆಯ ಕತೆ ಹೇಳಿ ಹೋಗುತ್ತಿದ್ದರು.

ಅಂದು ಜಯಮ್ಮ ಅವರನ್ನು ದೂರದಿಂದಲೇ ಕಂಡಳು. ಜೊತೆಗಿದ್ದವರು ಕನ್ನಡ ಮಾತಾಡುತ್ತ ಬರುವುದನ್ನು ಕೇಳಿದಳು. ಗೋಣಿಚೀಲದ ಅಂಚನ್ನು ಎಳೆದು ಸರಿಮಾಡಿ, ಎದ್ದು ಅಡ್ಡ ನಿಂತಳು.

“ಇವತ್ತು ಮಾಲು ಇಲ್ಲಣ್ಣ. ಮುಂದ ಹೋಗ್ರಿ.”

“ಮಾಲು ಬ್ಯಾಡವಾ, ಇವರಿಗೆ ಕೂಡಾಕ ಜಾಗಾ ಕೊಡು. ಸಂಘದ ಅಧ್ಯಕ್ಷರು.”

“ಜಾಗಾನೂ ಇಲ್ಲ. ಮುಂದ ಹೋಗ್ರಿ ಅಂದೆನಲ್ಲ.”

ಅಮರೇಶಪ್ಪನವರಿಗೆ ಮುಖಭಂಗವಾಯಿತು. ಪರಿಚಯದ ಅಂಗಡಿಯಲ್ಲೇ ಇಂಥ ಮರ್ಯಾದೆ. ಅಷ್ಟರಲ್ಲಿ ಗಗನ, ಕ್ಯಾಮೆರಾದ ಕಣ್ಣಿಗೆ ಏನೋ ಹೊಳೆಯುವುದು ಕಂಡಿತೆಂದು, ಜಯಮ್ಮನ ಹಿಂದೆ ಹೋಗಿ ಗೋಣಿಚೀಲ ಎತ್ತಿದ.

ಚೀಲದ ಕೆಳಗೆ ಕೊಡಗಳಿದ್ದವು. ಒಂದರ ಮೇಲೊಂದು, ಒಂದರ ಬಾಯಿಗೆ ಇನ್ನೊಂದರ ತಳ ಇಟ್ಟು ಪೇರಿಸಿದ ಕೊಡಗಳು. ಮೇಲಿನದರ ಹೊಟ್ಟೆಯ ಮೇಲೆ ಬದನೆಕಾಯಿ ಗಾತ್ರದ ಅಕ್ಷರದಲ್ಲಿ ‘ಅಮರೇಶಪ್ಪ’ ಎಂದಿತ್ತು. ಅದರ ಕೆಳಗಿನದರ ಮೇಲೂ ಅದೇ. ಅದರ ಕೆಳಗಿನದರ ಮೇಲೂ. ಕೂಕಟ್‌ಪಲ್ಲಿಯಿಂದ ಸಿಕಂದರಾಬಾದಿನ ತನಕದ ಅಡಿಗೆಮನೆಗಳೆಲ್ಲ ನಡೆದುಕೊಂಡು ಬಂದು ಇಲ್ಲಿ ಸಾಲಾಗಿ ಕೂತಂತಿತ್ತು.

ಪದ್ಮನಾಭ ನಗಲು ಶುರುಮಾಡಿದ. ಅವನದು ದೊಡ್ಡ ನಗು, ಮೀಟಿಂಗಿನಲ್ಲಿ ಕಲಿತದ್ದು, ಕೆಳಗಿನವರೂ ಸೇರಿಕೊಳ್ಳಲಿ ಎಂದು ನಡುನಡುವೆ ಜಾಗ ಬಿಡುವಂಥದ್ದು.

“ಒಂದೊಂದೇ ತೆಗಿ ಗಗನ. ಹಾಜರಿ ತಗೊಳ್ಳೋಣ,” ಎಂದು ಕೊಡವೊಂದನ್ನು ಎತ್ತಿ ಕ್ಯಾಮೆರಾದ ಮುಂದೆ ಹಿಡಿದ. “ಚಿರಂಜೀವಿ ಹುಲಗೇಶ, ಸೌಭಾಗ್ಯವತಿ ಸುಹಾಸಿನಿ. ಹಾಜರ್. ಇದು ಯಾರದು? ಪಾರ್ವತೆಮ್ಮನವರ ಮಗಳ ಮದುವೆ. ಹಾಜರ್. ಇದು ಗುರುಬಸವ ಅವರ ಹೊಸ ಮನೆ. ಅಂಕಲ್, ನೀವು ಹೇಳಿದ್ದು ನಿಜ. ನಿಮ್ಮ ಹೆಸರು ಇಲ್ಲದ ಮನೆ ಇಲ್ಲ. ಇದ್ದ ಹೆಸರು ಮನೇಲಿ ಇಲ್ಲ, ಅಷ್ಟೇ.”

ಗಗನ ಅದನ್ನು ಅಲ್ಲಿಂದಲೇ ಸಂಘದ ಗುಂಪಿಗೆ ಕಳಿಸಿದ.

ಅಮರೇಶಪ್ಪನವರು ಜಯಮ್ಮನ ಕಡೆ ನೋಡಿದರು. ಹುಲಗೇಶನ ಮದುವೆಯ ಕೊಡ ಮಾಸಿ, ಹೊಳಪು ಕಳೆದುಕೊಂಡಿತ್ತು. ಅದು ಅಲ್ಲಿಗೆ ಬಂದು ವರ್ಷಗಳೇ ಆಗಿರಬೇಕು.

“ಏನವಾ ಇದು?”

“ಹಳೇ ಬಟ್ಟಿ ಪಾತ್ರಿಗೆ ಪ್ಲಾಸ್ಟಿಕ್ ಬಕೀಟು ಕೊಡೋ ಹೆಂಗಸರು ತರತಾರಣ್ಣ,” ಎಂದಳು ಜಯಮ್ಮ, ನೆಲ ನೋಡುತ್ತ. “ನನಗ ಓದಾಕ ಬರೂದಿಲ್ಲ. ಒಂದ ಸಲ ನೀನ ಹೊಸಾ ಕೊಡಾ ಹಿಡ್ಕೊಂಡು ಬಂದು, ಇದು ನನ್ನ ಹೆಸರು ಅಂತ ತೋರಿಸಿದ್ದಿ. ಆವಾಗ ಆ ಅಕ್ಷರದ ಮಾರಿ ಗುರ್ತಾತು. ಮಾರಾಕೂ ಆಗವಲ್ದು, ಅಷ್ಟು ದೊಡ್ಡ ಹೆಸರಿನ ಕೊಡಾ ಯಾರು ಕೊಳ್ತಾರ? ನೀ ಬಂದಾಗೆಲ್ಲ ಮುಚ್ಚತಿದ್ದೆ.”

“ನಾ ಅದರ ಮ್ಯಾಲ ಕೂಡ್ತಿದ್ದೆ.”

“ಹೂಂ.”

ಈ ಬಜಾರದಲ್ಲಿ ಕನ್ನಡ ಓದುವವರು ಒಬ್ಬರೂ ಇರಲಿಲ್ಲ. ಇಷ್ಟು ವರ್ಷ ಆ ಹೆಸರು ಇಲ್ಲಿ ಯಾರ ಕಣ್ಣಿಗೂ ಬೀಳದೆ ಸುಖವಾಗಿ ಮಲಗಿತ್ತು. ಓದುವವರನ್ನು ಹುಡುಕಿ, 'ಬರ್ರಿ ಬರ್ರಿ' ಎಂದು ಕೈಹಿಡಿದು ಕರೆತಂದವರು ಅಮರೇಶಪ್ಪನವರೇ.

ಗಗನನ ಫೋನು ಜೋಳದ ಅರಳು ಸಿಡಿದಂತೆ ಸದ್ದುಮಾಡತೊಡಗಿತು. ಅವನು ಒಂದೊಂದನ್ನೇ ಓದಿ ಹೇಳಿದ. ಸುಹಾಸಿನಿ ಬರೆದಿದ್ದಳು: ‘ಅಯ್ಯೋ ನಮ್ಮದು ಸಿಕ್ಕಿಬಿತ್ತು, ಅತ್ತೆ ಕೊಟ್ಟದ್ದು, ನಾನಲ್ಲ.’ ಗುರುಬಸವ ಬರೆದಿದ್ದ: ‘ನಮ್ಮ ಮನ್ಯಾಗ ಅದನ್ನ ನೋಡಿ ಪಾಪು ಅಂಜತಿತ್ತು.’ ಪಾರ್ವತೆಮ್ಮನವರು ಧ್ವನಿಯಲ್ಲೇ ಕಳಿಸಿದ್ದರು: “ನಮ್ಮ ಮನಿದು ಇನ್ನೂ ಒಂದು ಇರಬೇಕು ನೋಡ್ರಿ, ಸಣ್ಣ ಮಗಳ ಮದಿವಿದು. ಛಲೋತ್ನಂಗ ಹುಡುಕ್ರಿ.” ಅದರ ಹಿಂದೆ ನಗುವ ಹಳದಿ ಮುಖಗಳು ಇರುವೆಸಾಲಿನಂತೆ ಬಂದವು. ಒಂದೊಂದು ಮುಖವೂ ಒಂದೊಂದು ಮನೆಯದು. ಆ ಮನೆಗಳ ಹೋಳಿಗೆಯನ್ನು ಅಮರೇಶಪ್ಪನವರು ಉಂಡಿದ್ದರು, ಆ ಮನೆಗಳ ಹೆಣಗಳಿಗೆ ಹೆಗಲು ಕೊಟ್ಟಿದ್ದರು.

ಅವರು ಬಗ್ಗಿ ಕೊಡಗಳನ್ನು ಸರಿಸತೊಡಗಿದರು. ಏನಾದರೂ ಮಾಡುತ್ತಿದ್ದರೆ ಯಾರ ಮುಖವನ್ನೂ ನೋಡಬೇಕಿರಲಿಲ್ಲ. ಗುಡ್ಡೆಯ ಹಿಂದೆ ಒಂದು ಕೊಡ ಒಂಟಿಯಾಗಿತ್ತು. ಹೊಚ್ಚಹೊಸದು. ಅಂಗಡಿಯ ಚೀಟಿ ಕೂಡ ಕಿತ್ತಿರಲಿಲ್ಲ. ತಿರುಗಿಸಿ ನೋಡಿದರು. ‘ಶ್ರೀಮತಿ ಕೋಕಿಲಾ ಮತ್ತು ಶ್ರೀ ಪದ್ಮನಾಭ ಇವರ ಗೃಹಪ್ರವೇಶಕ್ಕೆ.’ ಮಳೆಗಾಲದಲ್ಲಿ ಮಿಯಾಪುರದ ಆ ಹದ್ದಿನ ಗೂಡಿಗೆ ಅದನ್ನು ಹೊತ್ತುಕೊಂಡು ಹೋದದ್ದು, ಕೋಕಿಲಾ ಅದನ್ನು ಎರಡೂ ಕೈಯಲ್ಲಿ ತಗೊಂಡು “ಎಷ್ಟು ಚೆನ್ನಾಗಿದೆ ಅಂಕಲ್” ಎಂದದ್ದು ಅವರಿಗೆ ನೆನಪಾಯಿತು.

ತಲೆಯೆತ್ತಿದರೆ ಕೋಕಿಲಾ ನೋಡುತ್ತಿದ್ದಳು. ಅವಳ ಮುಖದ ಬಣ್ಣ ಇಳಿದಿತ್ತು. ಗಂಡನಿಗೆ ಇದು ಗೊತ್ತಿಲ್ಲವೆಂಬುದು ಆ ಮುಖ ನೋಡಿದವರಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಲಾರಿ ಆಫೀಸಿನಲ್ಲಿ ಪಳಗಿದ ತಲೆ ಬೇಗ ಲೆಕ್ಕ ಹಾಕಿತು. ಈ ಕೊಡ ಹೊರಗೆ ಬಂದರೆ ಊರೆಲ್ಲ ಅಧ್ಯಕ್ಷನ ಮೇಲೆ ನಗುತ್ತದೆ. ನಗೆಗೀಡಾದ ಅಧ್ಯಕ್ಷ ಯಾರ ಫೋಟೋವನ್ನೂ ಗೋಡೆಗೆ ಹಾಕುವುದಿಲ್ಲ. ಮುಚ್ಚಿಟ್ಟರೆ ಹೆಂಡತಿಯಾದರೂ ಇಂದು ಸಂಜೆ ಗಂಡನಿಗೆ ಒಂದು ಒಳ್ಳೆಯ ಮಾತು ಹೇಳಿಯಾಳು. ಅಮರೇಶಪ್ಪನವರು ಕೊಡವನ್ನು ಅಕ್ಷರ ಕಾಣದಂತೆ ಗೋಡೆಯ ಕಡೆ ತಿರುಗಿಸಿ, ಅದರ ಮೇಲೆ ಗೋಣಿಚೀಲ ಎಳೆದರು. ಕೋಕಿಲಾಳ ಕಡೆ ನೋಡಿ ಸಣ್ಣಗೆ ತಲೆಯಾಡಿಸಿದರು, ಹೆದರಬ್ಯಾಡ ತಂಗಿ ಎಂಬಂತೆ.

ಪದ್ಮನಾಭನಿಗೆ ಅಷ್ಟರಲ್ಲಿ ಹೊಸದೊಂದು ಹೊಳೆದಿತ್ತು. “ಗಗನ, ಗುಂಪಲ್ಲಿ ಒಂದು ಮತದಾನ ಹಾಕು. ಈ ವರ್ಷದ ಗೌರವ ಯಾರಿಗೆ? ಒಂದು, ಅಮರೇಶಪ್ಪನವರಿಗೆ. ಎರಡು, ಕೊಡಕ್ಕೆ. ತಮಾಷೆಗೆ ಅಂಕಲ್, ಬೇಜಾರು ಮಾಡ್ಕೋಬೇಡಿ. ನಮ್ಮ ಆಫೀಸಲ್ಲೂ ಹೀಗೆಲ್ಲ ಮಾಡ್ತೀವಿ.”

ಮತಗಳು ಬಿದ್ದವು. ಸಂಘದ ವಾರ್ಷಿಕ ಸಭೆಗೆ ಬರಲು ಪುರುಸೊತ್ತಿಲ್ಲದವರು, ಚಂದಾ ಕೇಳಿದರೆ ಫೋನು ಎತ್ತದವರು, ತೀರಿಹೋದರೇನೋ ಎಂದು ಎಲ್ಲರೂ ಅಂದುಕೊಂಡಿದ್ದವರು ಕೂಡ ಎದ್ದು ಕೂತು ಮತ ಹಾಕಿದರು. ಅಮರೇಶಪ್ಪನವರು ಕೋಕಿಲಾಳ ಪಕ್ಕದಲ್ಲೇ ನಿಂತಿದ್ದರು. ಅವಳು ಫೋನು ತೆಗೆದಳು. ಅವರು ಅವಳ ಹೆಬ್ಬೆರಳನ್ನೇ ನೋಡಿದರು. ಇದೊಂದು ಮತವಾದರೂ ತಮ್ಮದೆಂದು ಅವರಿಗೆ ಖಾತ್ರಿಯಿತ್ತು. ಹೆಬ್ಬೆರಳು ಮೊದಲ ಸಾಲಿನ ಮೇಲೆ ಒಂದಿಷ್ಟು ಹೊತ್ತು ನಿಂತಿತು. ಗಂಡ ಹೆಗಲ ಮೇಲಿಂದ ಬಗ್ಗಿ ನೋಡಿದ. ಹೆಬ್ಬೆರಳು ಕೆಳಗಿಳಿದು ಕೊಡದ ಮೇಲೆ ಒತ್ತಿತು.

ಕೊಡ ಗೆದ್ದಿತು. ಅಮರೇಶಪ್ಪನವರಿಗೆ ಬಂದದ್ದು ಒಂದು ಮತ. ಅದು ಕಣ್ಣು ಮಂಜಾದ ಸೂರ್ಯಕಾಂತ ಮಾಸ್ತರರದು. ಅವರು ಕೂಡಲೇ ‘ಕೈ ತಪ್ಪಿ ಬಿತ್ತು, ಕ್ಷಮಿಸಿರಿ’ ಎಂದು ಬರೆದರು.

“ಸಾಹೇಬ್ರ,” ಎಂದರು ಅಮರೇಶಪ್ಪನವರು. ಮೆಟ್ರೊದಲ್ಲಿ ಮುಂದಿನ ಬೋಗಿಗೆ ಕೇಳುತ್ತಿದ್ದ ಗಂಟಲು ಜಯಮ್ಮನ ತಾಡಪತ್ರಿಯ ಆಚೆಗೂ ಹೋಗಲಿಲ್ಲ. “ತಮಾಷಿ ಆತು. ಆ ಗ್ವಾಡಿ ಫೋಟೋದ ಮಾತು ಏನ ಮಾಡಿದ್ರಿ?”

“ಗುಂಪೇ ತೀರ್ಮಾನ ಮಾಡಿದ ಮೇಲೆ ನಾನು ಯಾರು ಅಂಕಲ್?” ಪದ್ಮನಾಭ ಕಣ್ಣೊರೆಸಿಕೊಂಡ. ನಕ್ಕೂ ನಕ್ಕೂ ನೀರು ಬಂದಿತ್ತು. “ಕೊಡದ ಫೋಟೋನೇ ಹಾಕಿಸೋಣ. ನಿಮ್ಮ ಹೆಸರು ಅದರ ಮೇಲೆ ಹೇಗಿದ್ರೂ ಇದೆ, ಪೇಂಟರನ್ನ ಕರೆಸೋ ಕೆಲಸ ಉಳೀತು. ಫೋಟೋಗೆ ಚೆನ್ನಾಗಿರೋ ಕೊಡ ಒಂದನ್ನ ನೀವೇ ಆರಿಸಿ ಕೊಡಿ. ನಿಮ್ಮ ಮಕ್ಕಳಲ್ವಾ?”

ಕೋಕಿಲಾ ಆ ಮಾತಿಗೆ ತಲೆ ತಗ್ಗಿಸಿದಳು. ಆದರೂ ತುಟಿಯ ಮೂಲೆಯಲ್ಲಿ ಸಣ್ಣ ನಗು ಬಂದದ್ದನ್ನು ತಡೆಯಲಿಲ್ಲ.

ಅಮರೇಶಪ್ಪನವರು ಗುಡ್ಡೆಯ ಹಿಂದೆ ಹೋಗಿ, ಗೋಣಿಚೀಲ ಸರಿಸಿ, ಹೊಸ ಕೊಡವನ್ನು ಎತ್ತಿದರು. ಪಂಚೆಯ ತುದಿಯಿಂದ ಧೂಳೊರೆಸಿದರು. ಕೊಟ್ಟ ದಿನ ಹೇಗೆ ಎರಡೂ ಕೈಯಲ್ಲಿ ಹಿಡಿದು ಕೊಟ್ಟಿದ್ದರೋ ಹಾಗೆಯೇ ಪದ್ಮನಾಭನ ಕೈಗೆ ಕೊಟ್ಟರು.

“ಇದಕಿಂತ ಛಲೋದು ಇಲ್ಲಿ ಇಲ್ಲರಿ. ಓದ್ರಿ, ಎಲ್ಲಾರೂ ಕೇಳ್ಲಿ.”

ಪದ್ಮನಾಭ ಕ್ಯಾಮೆರಾದ ಕಡೆ ತಿರುಗಿ, ಹಾಜರಿಯ ದನಿಯಲ್ಲಿ ಶುರುಮಾಡಿದ. “ಶ್ರೀಮತಿ ಕೋಕಿಲಾ ಮತ್ತು ಶ್ರೀ...”

ಅಲ್ಲಿಗೆ ನಿಂತ. ಹೆಂಡತಿಯ ಕಡೆ ನೋಡಿದ. ಅವಳು ಪಕ್ಕದ ಅಂಗಡಿಯ ಮುಳ್ಳಿಲ್ಲದ ಗಡಿಯಾರದಲ್ಲಿ ಹೊತ್ತು ನೋಡುತ್ತಿದ್ದಳು.

“ಗಗನ, ಫೋನ್ ಇಳಿಸು.”

ಗಗನ ಇಳಿಸಿದ. ಅವಸರವೇನೂ ಮಾಡಲಿಲ್ಲ.

“ಕೆಲಸದವಳು ಕೊಟ್ಟಿರಬೇಕು ರೀ,” ಎಂದಳು ಕೋಕಿಲಾ, ಗಡಿಯಾರಕ್ಕೆ ಹೇಳುವಂತೆ. “ಹೊಸ ಅಡಿಗೆಮನೆಗೆ ಹೊಂದ್ತಾ ಇರಲಿಲ್ಲ ಅಂತ...”

ಪದ್ಮನಾಭ ಅಮರೇಶಪ್ಪನವರ ತೋಳು ಹಿಡಿದು ಪಕ್ಕಕ್ಕೆ ಕರೆದ. ಬೆಳಗಿನಿಂದ ಮೊದಲ ಸಲ ದನಿ ತಗ್ಗಿಸಿದ. “ಅಂಕಲ್, ಇದನ್ನ ಇಲ್ಲೇ ಬಿಟ್ಟುಬಿಡೋಣ. ಆ ಚೀಲ ಮುಚ್ಚಿ. ಯಾರಿಗೂ ಹೇಳೋದು ಬೇಡ. ಮತದಾನ ಗಿತದಾನ ಎಲ್ಲ ನಾನು ಅಳಿಸಿಹಾಕಿಸ್ತೀನಿ. ಫೋಟೋ ನಿಮ್ಮದೇ. ಗೋಡೆ ಮೇಲೆ ಹೆಸರೂ ಬರೆಸ್ತೀನಿ, ನಿಮಗೆ ಎಷ್ಟು ದೊಡ್ಡದಾಗಿ ಬೇಕೋ ಅಷ್ಟು. ಆಯ್ತಾ?”

ಅಮರೇಶಪ್ಪನವರು ಅವನ ಮುಖವನ್ನು ನೋಡಿದರು. ಅವನು ಹಿಡಿದುಕೊಂಡಿದ್ದ ಕೊಡವನ್ನು ನೋಡಿದರು. ಬಣ್ಣ ಹಚ್ಚಿದ ಮೀಸೆಯ ಮೇಲೆ ಒಮ್ಮೆ ಕೈಯಾಡಿಸಿದರು. ಮಾತಾಡಿದಾಗ ಗಂಟಲು ಹಳೆಯದೇ ಆಗಿತ್ತು, ಬಜಾರದ ಮುಂದಿನ ಸಾಲಿನವರೂ ಹಿಂದಿರುಗಿ ನೋಡಿದರು.

“ಇಲ್ಲಿ ಬಿಡಬ್ಯಾಡ್ರಿ ಸಾಹೇಬ್ರ. ನನ್ನ ಹೆಸರಿಗೆ ಈ ಬಜಾರದಾಗ ಜಯಮ್ಮ ಅದಾಳ, ಮಂದಿ ಬಂದಾಗ ಚೀಲ ಹೊಚ್ಚತಾಳ. ನಿಮ್ಮದು ಊರಿಗೆ ಹೊಸಾ ಹೆಸರು, ಇಲ್ಲಿ ಗುರ್ತಿನವ್ರು ಯಾರೂ ಇಲ್ಲ. ಬಗಲಾಗ ಇಟ್ಕೊಂಡು ಮನಿಗೆ ನಡೀರಿ. ದಾರ್ಯಾಗ ಯಾರರ ಇದರ ಮ್ಯಾಲ ಏನ ಬರದೈತ್ರಿ ಅಂತ ಕೇಳಿದ್ರ, ನನಗ ಕನ್ನಡ ಬರೂದಿಲ್ಲಂತ ಹೇಳ್ರಿ.”